ದೇವಿಗೆ ಜಾಗ ಕೊಟ್ಟ ಸಾಹೇಬರು

ಆ ಮರದ ಗೊಂಬೆಯ ಮುಖದ ಮೇಲೆ ಮೊದಲಿನಿಂದಲೂ ಕಲೆಗಳಿದ್ದವೋ, ಆಮೇಲೆ ಬಂದವೋ, ಈಗ ಆಣೆ ಮಾಡಿ ಹೇಳಲಾರೆ. ನಾನು ಅದನ್ನು ಮೊದಲು ನೋಡಿದ್ದು ಬೇಸಿಗೆಯ ನೆತ್ತಿಯ ಬಿಸಿಲಿನಲ್ಲಿ, ಒಂದೆರಡು ಮಾರು ದೂರದಿಂದ. ಆಗ ನನಗಿನ್ನೂ ಕನ್ನಡಕ ಬಂದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮುಖ ನುಣ್ಣಗಿತ್ತು ಎಂದೇ ನನ್ನ ನೆನಪು. ಆದರೆ ಹೋದ ತಿಂಗಳು ಸೇಡಂನಲ್ಲಿ ಸಾಹೇಬರು ತೀರಿಕೊಂಡ ಮೇಲೆ, ಅವರ ಮನೆಯ ನಡುಮನೆಯಲ್ಲಿ ಕುಳಿತು ಅವರ ಹೆಂಡತಿಯ ಮಾತು ಕೇಳಿಸಿಕೊಂಡು ಬಂದ ಮೇಲೆ, ನನ್ನ ನೆನಪನ್ನು ನಾನು ಮೊದಲಿನಷ್ಟು ನಂಬುವುದಿಲ್ಲ.

ಜನ ಅವರನ್ನು ದೇವಿ ಸಾಹೇಬರು ಎನ್ನುತ್ತಿದ್ದರು. ನಮ್ಮ ಕಡೆ ಸಿಡುಬು ಎದ್ದರೆ ದೇವಿ ಬಂದಿದ್ದಾಳೆ ಎನ್ನುತ್ತಾರೆ. ಅದು ಏಳದಿರಲೆಂದು ತೋಳಿಗೆ ಚುಚ್ಚುವುದಕ್ಕೂ ದೇವಿ ಹಾಕುವುದು ಎಂದೇ ಹೆಸರು. ಅವರು ಚಿಂಚೋಳಿಯ ಲಸಿಕೆಯ ಇನ್‌ಸ್ಪೆಕ್ಟರು. ರಾಜ್ಯ ಸರ್ಕಾರದ ಮನುಷ್ಯ. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದವನು, ಸಿಡುಬಿನ ಸುದ್ದಿ ಹುಡುಕಿ ತರುವ ದಿನಗೂಲಿ ಕೆಲಸ ಹಿಡಿದಿದ್ದೆ. ನನ್ನ ಕೂಲಿ ದಿಲ್ಲಿಯಿಂದ ಬರುತ್ತಿತ್ತು, ಜೀಪೂ ದಿಲ್ಲಿಯದು, ಜೀಪಿನಲ್ಲಿದ್ದ ಡಾಕ್ಟರೂ ದಿಲ್ಲಿ ಕಳಿಸಿದವರು. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇತ್ತು. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ ಅವರು ಹೇಳಿದ್ದಿಷ್ಟು: "ನಿಜಾಮ ಹೋದ, ಹೈದರಾಬಾದ ಹೋತು, ಮೈಸೂರ ಬಂತು, ಈಗ ದಿಲ್ಲಿ ಜೀಪ ಬಂದದ. ಸೂಜಿ ಅದೇ ಅದ ತಮ್ಮಾ. ಕುಂದ್ರಿ, ಚಾ ಕುಡೀರಿ."

ಎತ್ತರದ, ತೆಳ್ಳನೆಯ ಆಳು. ಹಣೆಯ ಮೇಲೆ ವಿಭೂತಿ, ಅಂಗಿಯೊಳಗೆ ಲಿಂಗ, ಕಂಕುಳಲ್ಲಿ ಬಿಸಿಲಿಗೂ ನಾಯಿಗೂ ಒಂದೇ ಕೊಡೆ. ಶಾಲೆ ಕಲಿತದ್ದು ಉರ್ದುವಿನಲ್ಲಾದ್ದರಿಂದ ಲೆಕ್ಕ ಉರ್ದುವಿನಲ್ಲಿ ಎಣಿಸುತ್ತಿದ್ದರು, ಬೈಯುವುದು ತೆಲುಗಿನಲ್ಲಿ, ಪೂಜೆ, ಹೆಂಡತಿಯ ಜೊತೆ ಜಗಳ ಎರಡೂ ಕನ್ನಡದಲ್ಲಿ. ಹೈದರಾಬಾದ್ ರಾಜ್ಯವನ್ನು ಒಡೆದು ಹಂಚಿದಾಗ ಅವರು ತಾಂಡೂರಿನಲ್ಲಿ ಕೆಲಸದಲ್ಲಿದ್ದರಂತೆ. ಅಣ್ಣತಮ್ಮಂದಿರು ಬೇರೆಯಾದಾಗ ನೆಲದೊಳಗಿನ ಹಗೇವಿನ ಜೋಳ ಹಂಚಿಕೊಂಡ ಹಾಗೆ ನೌಕರರನ್ನು ಹಂಚಿದರು. ಅವರು ಈ ಕಡೆಯ ರಾಶಿಗೆ ಬಿದ್ದರು. ಅವರ ತಂಗಿಯನ್ನು ಕೊಟ್ಟಿದ್ದ ಊರು ಆ ಕಡೆಯ ರಾಶಿಗೆ ಬಿತ್ತು. ಅದನ್ನು ಅವರು ದುಃಖವಾಗಿ ಹೇಳುತ್ತಿರಲಿಲ್ಲ. ಗಡಿಯ ಆಚೆ ಹೋಟೆಲಿನಲ್ಲಿ ಚಹಾ ಚಲೋ ಎಂದು ದಾಟಿ ಹೋಗಿ ಕುಡಿಯುತ್ತಿದ್ದರು, ಆದರೆ ಎಲೆಯಡಿಕೆ ಉಗುಳಲು ಈಚೆಗೇ ಬರುತ್ತಿದ್ದರು. ಇನ್ನೊಬ್ಬರ ಮನೆಯಲ್ಲಿ ಉಗುಳಬಾರದು ಎಂಬುದು ಅವರ ನ್ಯಾಯ.

ದಿಲ್ಲಿಯ ಡಾಕ್ಟರಿಗೂ ಅವರಿಗೂ ಮೊದಲು ಮಾತು ಬೆಳೆದದ್ದು ಸೇಡಂ ಕಡೆಯ ಮುಧೋಳದ ಹತ್ತಿರದ ಹಳ್ಳಿಯೊಂದರಲ್ಲಿ. ಒಂದು ಮನೆಯವರು ಬಾಗಿಲು ಹಾಕಿಕೊಂಡು ಕುಳಿತಿದ್ದರು. ಡಾಕ್ಟರು ಅವಸರದ ಮನುಷ್ಯ, ಬಾಗಿಲನ್ನು ದೂಡಿಸಿ ಒಳಗೆ ಹೋಗೋಣ ಎಂದರು. ಇವರು ಹೊಸ್ತಿಲಿಗೆ ಅಡ್ಡ ನಿಂತರು. "ನಮ್ಮ ಮಂದಿ, ಡಾಕ್ಟರ್ ಸಾಬ. ಬಾಗಲಾ ಬಡೀಬೇಕು, ಮುರೀಬಾರದು." ಆಮೇಲೆ ಕಟ್ಟೆಯ ಮೇಲೆ ಕುಳಿತು, ಒಳಗಿದ್ದವರಿಗೆ ಕೇಳುವಂತೆ, ಬಾಯಾರಿಕೆಯಾಗಿದೆ ತಾಯಿ, ನೀರು ಕೊಡಿ ಎಂದರು. ನಮ್ಮ ಸೀಮೆಯಲ್ಲಿ ನೀರು ಕೇಳಿದವನಿಗೆ ಇಲ್ಲವೆನ್ನುವ ಮನೆ ಇಲ್ಲ. ಬಾಗಿಲು ತೆರೆಯಿತು. ಒಂದು ತಂಬಿಗೆ ನೀರನ್ನು ಅವರು ಕುಡಿದ ನಿಧಾನ ನೋಡಬೇಕಿತ್ತು. ನೀರು ಮುಗಿಯುವಷ್ಟರಲ್ಲಿ ಆ ಮನೆಯ ಮಗಳ ಬಾಣಂತನ, ಎಮ್ಮೆಯ ಕಾಲುನೋವು, ಅತ್ತೆಯ ಕಿವುಡು ಎಲ್ಲದರ ವಿಚಾರಣೆ ಆಗಿ, ಮನೆಮಂದಿಯೆಲ್ಲ ತೋಳು ಚಾಚಿ ಕುಳಿತಿದ್ದರು. ಚುಚ್ಚುವ ಮುನ್ನ ಚಪ್ಪಲಿ ಬಿಡುವುದು ಅವರ ರೂಢಿ. ಅವರಿಗೆ ದೇವಿಯ ಮೇಲೆ ನಂಬಿಕೆ ಇತ್ತೋ ಎಂದು ಒಮ್ಮೆ ಕೇಳಿದ್ದೆ. ಲಿಂಗ ಕಟ್ಟಿಕೊಂಡವನು ಇನ್ನೊಂದು ದೇವರಿಗೆ ಕೈ ಮುಗಿಯುವುದಿಲ್ಲ ಎಂದರು. ಹಾಗಾದರೆ ಚಪ್ಪಲಿ ಯಾಕೆ ಎಂದರೆ, ಬೇರೆಯವರ ಮೈಯೊಳಗೆ ಹೋಗುವಾಗ ಚಪ್ಪಲಿ ಬಿಡಬಾರದೇ ಎಂದು ನನ್ನನ್ನೇ ಕೇಳಿದರು.

ಕುಂಚಾವರಂ ಕಾಡಿನ ಸುದ್ದಿ ಬಂದದ್ದು ಅದೇ ಬೇಸಿಗೆಯಲ್ಲಿ. ಅಲ್ಲಿಯ ಒಂದು ಪದ್ಧತಿಯನ್ನು ಮೊದಲು ಹೇಳಬೇಕು. ದೇವಿ ಬಂದ ಊರಿನವರು ಮರದ ಗೊಂಬೆಯೊಂದನ್ನು ಮಾಡಿಸಿ, ಅರಿಸಿನ ಬಳಿದು, ಹಸಿರು ಕುಪ್ಪಸದ ಬಟ್ಟೆ ಹೊದಿಸಿ, ಬೇವಿನ ಸೊಪ್ಪಿನ ಜೊತೆ ಒಂದು ಸಣ್ಣ ಬಂಡಿಯಲ್ಲಿ ಕೂಡಿಸುತ್ತಾರೆ. ನಸುಕಿನಲ್ಲಿ ಬಂಡಿಯನ್ನು ಊರಿನ ಸೀಮೆ ದಾಟಿಸಿ, ತಿರುಗಿ ನೋಡದೆ ಬರುತ್ತಾರೆ. ಮುಂದಿನ ಊರಿನವರು ಅವಳಿಗೆ ಮೊಸರನ್ನದ ಎಡೆ ಕೊಟ್ಟು ತಮ್ಮ ಸೀಮೆ ದಾಟಿಸುತ್ತಾರೆ. ಹೀಗೆ ಊರಿಂದ ಊರಿಗೆ ಹೋಗಿ ಕೊನೆಗೆ ಯಾವುದೋ ಹೊಳೆಯಲ್ಲಿ ಅವಳ ಪ್ರಯಾಣ ಮುಗಿಯುತ್ತದೆ. ಯಾರೂ ಅವಳನ್ನು ಇಟ್ಟುಕೊಳ್ಳುವುದಿಲ್ಲ, ಯಾರೂ ಬೇಡವೆನ್ನುವುದೂ ಇಲ್ಲ. ಆದರೆ ರಾಜ್ಯಗಳು ಬೇರೆಯಾಗಿ ಕಾಡಿನ ನಡುವೆ ಗಡಿಕಲ್ಲು ಬಿದ್ದ ಮೇಲೆ, ಎರಡೂ ಕಡೆಯ ಹಳ್ಳಿಯವರು ಹೊಸ ಮಾತು ಕಲಿತರು. ನಿಮ್ಮ ರಾಜ್ಯದ ದೇವಿ ನಿಮ್ಮ ರಾಜ್ಯದಲ್ಲೇ ಇರಲಿ, ನಿಮಗೂ ಡಾಕ್ಟರಿದ್ದಾರೆ ಎಂದು ಆಚೆಯವರು. ಅವಳು ನಿಮ್ಮ ಕಡೆಯಿಂದಲೇ ಬಂದವಳು ಎಂದು ಈಚೆಯವರು. ಬಂಡಿ ಕಲ್ಲಿನ ಬಳಿ ನಿಂತುಬಿಟ್ಟಿತು.

ನಾವು ಹೋದಾಗ ಅದು ಕಲ್ಲಿನ ಈಚೆಗಿತ್ತು. ಜೀಪು ದೂರದಲ್ಲಿ ನಿಲ್ಲಿಸಿ ನಡೆದು ಹೋದೆವು. ಆ ಕಾಡೆಲ್ಲ ತೇಗ. ಒಂದೂ ಬೇವಿನ ಮರ ನನಗೆ ಕಾಣಲಿಲ್ಲ. ಬಂಡಿಯಲ್ಲಿದ್ದ ಬೇವಿನ ಸೊಪ್ಪು ಮಾತ್ರ ಆಗಷ್ಟೇ ಮುರಿದದ್ದರ ಹಾಗೆ ಹಸಿಯಾಗಿತ್ತು. ಕಲ್ಲಿನ ಅತ್ತ ಇತ್ತ ಗಾಲಿಯ ಗೆರೆ ಗೇಣುದ್ದ ಆಳಕ್ಕೆ ಇಳಿದಿತ್ತು. ಬೆಳಗಾದರೆ ಇವರು ಅತ್ತ ದೂಡುವುದು, ಮರುದಿನ ಬೆಳಗಾದರೆ ಅವರು ಇತ್ತ ದೂಡುವುದು. ಇಷ್ಟಾಗಿಯೂ ಆ ಧೂಳಿನಲ್ಲಿ ಮನುಷ್ಯರ ಹೆಜ್ಜೆ ಒಂದೂ ಇರಲಿಲ್ಲ. ದೂಡಿದವರು ಸೊಪ್ಪಿನಿಂದ ಹೆಜ್ಜೆ ಗುಡಿಸಿಕೊಂಡು ಹಿಂದೆ ಸರಿಯುತ್ತಾರೆ ಎಂದು ಆಮೇಲೆ ತಿಳಿಯಿತು. ಆಮೇಲೆ ತಿಳಿದದ್ದು ಆ ಹೊತ್ತಿಗೆ ಉಪಯೋಗವಾಗುವುದಿಲ್ಲ. ಗಾಳಿಯಿಲ್ಲದ ಬಿಸಿಲಿನಲ್ಲಿ ಆ ಗೊಂಬೆ ನಮ್ಮ ಕಡೆ ಮುಖ ಮಾಡಿ ಕುಳಿತಿತ್ತು. ನಾನು ಹತ್ತಿರ ಹೋಗಿ ಬಾಗಿದೆ.

"ನಾ ಯಾ ಕಡಿ ಕುಂದ್ರಲಿ ಸಾಹೇಬ್ರ?"

ದನಿ ಬಂಡಿಯಿಂದ ಬಂತು. ನಾನು ಓದಿದವನು, ದಿಲ್ಲಿಯ ಸಂಬಳದವನು, ಎರಡು ಹೆಜ್ಜೆ ಹಿಂದೆ ಹಾರಿ ಡಾಕ್ಟರಿಗೆ ತಾಗಿದೆ. ದೇವಿ ಸಾಹೇಬರು ಕೊಡೆಯ ತುದಿಯಿಂದ ಹಸಿರು ಬಟ್ಟೆಯನ್ನು ಮೆಲ್ಲಗೆ ಎತ್ತಿದರು. ಬಂಡಿಯ ನೆರಳಿನಲ್ಲಿ, ಅದೇ ಬಟ್ಟೆಯ ಇನ್ನೊಂದು ತುದಿ ಹೊದ್ದು ಒಬ್ಬ ಹೆಣ್ಣುಮಗಳು ಮುದುಡಿ ಮಲಗಿದ್ದಳು. ಬೊಕ್ಕೆ ಎದ್ದು, ಮುಖದ ಮೇಲೆ ಕಣ್ಣು ಬಿಟ್ಟು ಇನ್ನೆಲ್ಲಿಯೂ ಜಾಗ ಉಳಿದಿರಲಿಲ್ಲ.

ಅವಳ ತವರು ಆಚೆಯದು, ಗಂಡನ ಊರು ಈಚೆಯದು. ತವರಿಗೆ ಹೋಗಿ ಬಂದ ಮೇಲೆ ಜ್ವರ ಬಂತೆಂದು ಗಂಡನ ಮನೆಯವರು ತವರಿಗೆ ಕಳಿಸಿದ್ದರು. ಕೊಟ್ಟ ಹೆಣ್ಣು ನಿಮ್ಮವಳು ಎಂದು ತವರಿನವರು ತಿರುಗಿ ಕಳಿಸಿದ್ದರು. ಬಂಡಿ ಅತ್ತ ಹೋದರೆ ಅವಳೂ ತೆವಳಿಕೊಂಡು ಅತ್ತ, ಇತ್ತ ಬಂದರೆ ಇತ್ತ. ಎಡೆಯ ಮೊಸರನ್ನವೇ ಅವಳ ಊಟ.

ದಿಲ್ಲಿಯ ಡಾಕ್ಟರು ಒಳ್ಳೆಯವರು. ಸುತ್ತಲಿನ ಹಳ್ಳಿಗಳಿಗೆಲ್ಲ ಇಂದೇ ಲಸಿಕೆ ಹಾಕಬೇಕು, ಇವಳನ್ನು ಆರೈಕೆಗೆ ಒಯ್ಯಬೇಕು, ರೋಗಕ್ಕೆ ರಾಜ್ಯವಿಲ್ಲ ಎಂದು ಕೂಗಾಡಿದರು. ಆದರೆ ಆರೋಗ್ಯ ರಾಜ್ಯಗಳ ವಿಷಯ. ಯಾವುದಾದರೊಂದು ರಾಜ್ಯ ಇವಳು ನಮ್ಮವಳು ಎಂದು ಒಪ್ಪದೆ ದಿಲ್ಲಿ ಒಂದು ತೋಳನ್ನೂ ಮುಟ್ಟುವಂತಿರಲಿಲ್ಲ. ಚಿಂಚೋಳಿಗೆ ಬಂದು ಫೋನು ಮಾಡಿದರೆ ಮೇಲಿನ ಸಾಹೇಬರೊಬ್ಬರು, ನಮ್ಮ ಜಿಲ್ಲೆಯಲ್ಲಿ ಸಿಡುಬು ಮುಗಿದಿದೆ ಎಂದು ಮೊನ್ನೆಯಷ್ಟೇ ತಿಳಿಸಿದ್ದೇವೆ, ಆಕೆ ಆಚೆಯವಳು, ನಮ್ಮ ಮನೆಯ ವಿಚಾರದಲ್ಲಿ ದಿಲ್ಲಿಗೇನು ಕೆಲಸ ಎಂದರು. ಮುಗಿದಿದೆ ಎಂದು ಕೆಳಗಿನಿಂದ ಬರೆದು ಕೊಟ್ಟವರು ದೇವಿ ಸಾಹೇಬರೇ. ಅವರ ಬಡ್ತಿಯ ಆಜ್ಞೆ ಇನ್ನೇನು ಬರುವುದರಲ್ಲಿತ್ತು. ನಿಮ್ಮವಳೆಂದು ಬರೆದರೆ ನೀವೇ ಸುಳ್ಳು ಹೇಳಿದ ಹಾಗಾಗುತ್ತದೆ, ನೋಡಿಕೊಳ್ಳಿ ಎಂದು ಫೋನಿನಲ್ಲೇ ತಿಳಿಹೇಳಿದರಂತೆ. ಆಚೆಯ ಅಧಿಕಾರಿಯೂ ಇದೇ ಮಾತನ್ನು ತೆಲುಗಿನಲ್ಲಿ ಹೇಳಿದ್ದರು.

ದೇವಿ ಸಾಹೇಬರು ಫೋನು ಇಟ್ಟು ಹೊರಗೆ ಬಂದು ಬಹಳ ಹೊತ್ತು ಎಲೆಗೆ ಸುಣ್ಣ ಸವರುತ್ತ ಕುಳಿತರು. ದಿಲ್ಲಿ ಸರಿಯೋ ರಾಜ್ಯ ಸರಿಯೋ ಎಂದು ನಾನು ವಿಶ್ವವಿದ್ಯಾಲಯದ ಗತ್ತಿನಲ್ಲಿ ವಾದ ತೆಗೆದೆ. ಅವರು ತಲೆ ಎತ್ತಲಿಲ್ಲ.

"ಇಬ್ರೂ ಖರೆನೇ ಹೇಳ್ಲಿಕತ್ತಾರ ತಮ್ಮಾ. ಖರೆ ಹೇಳೋರ ನಡಕ ಆಕಿ ಬಿಸಲಾಗ ಬಿದ್ದಾಳ."

ಸುಣ್ಣ ಸವರಿದ ಎಲೆಯನ್ನು ತಿನ್ನದೆ ಹಾಗೆಯೇ ಕಿಸೆಗೆ ಹಾಕಿಕೊಂಡು ಎದ್ದರು.

ಕಲ್ಲಿನ ಬಳಿಗೆ ನಾವು ತಿರುಗಿ ಹೋದಾಗ ಈಚೆಯ ಹಳ್ಳಿಯ ಗೌಡನೂ ನಾಲ್ಕಾರು ಜನರೂ ದೂರದಲ್ಲಿ ನಿಂತಿದ್ದರು. ಹೆಣ್ಣನ್ನು ಒಯ್ಯುತ್ತೇವೆ ಎಂದಾಗ ಗೌಡ ಆಗದೆಂದು ತಲೆಯಾಡಿಸಿದ. ಅವಳೊಬ್ಬಳನ್ನೇ ಒಯ್ದರೆ ಬಂಡಿಯಲ್ಲಿ ಹಿಂದೆ ಉಳಿದ ಅಮ್ಮ ಊರನ್ನು ತಿನ್ನುತ್ತಾಳೆ. ತೋಳು ಚಾಚುವ ಮಾತೇ ಇಲ್ಲ. ಸೀಮೆಯೊಳಗೆ ಇಬ್ಬರೂ ಬರಬೇಕು ಅಥವಾ ಇಬ್ಬರೂ ಬರಬಾರದು.

"ಅಮ್ಮ ಒಳಗ ಬಂದ್ರ ಯಾರ ಮನಿಗಿ ಬರ್ತಾಳ್ರಿ?" ಎಂದು ಗೌಡ ಕೇಳಿದ. ಅದು ಉತ್ತರವಿಲ್ಲದ ಪ್ರಶ್ನೆ ಎಂಬ ಧೈರ್ಯ ಅವನ ದನಿಯಲ್ಲಿತ್ತು.

"ನಮ್ಮ ಮನಿಗಿ ಬರ್ತಾಳ" ಎಂದರು ದೇವಿ ಸಾಹೇಬರು.

"ಮುಂದಕ್ಕ ಹೋಗಂಗಿಲ್ಲಂದ್ರ?"

"ಮುಂದಿನೂರಾವ್ರು ಕರೆಯೋ ತನಕ ಇರ್ತಾಳ. ಕೈ ಮುಗಿಯಂಗಿಲ್ಲ ಗೌಡ್ರ, ನನ್ನ ಕೊರಳಾಗ ಲಿಂಗ ಅದ. ಜಾಗ ಕೊಡ್ತೀನಿ."

ಆಮೇಲೆ ನನ್ನ ಕಡೆ ತಿರುಗಿ, ನಮ್ಮವಳು ಅಂತ ಬರೆದುಕೊಳ್ಳಿ ಎಂದರು. ಯಾರನ್ನು ಎಂದು ನಾನು ಕೇಳಿದೆ. ಇಬ್ಬರನ್ನೂ ಎಂದರು.

ಬಂಡಿಯನ್ನು ಹಿಂದಿನಿಂದ ದೂಡುವುದು ಪದ್ಧತಿ, ಏಕೆಂದರೆ ಎಲ್ಲರೂ ಅವಳನ್ನು ಕಳಿಸುವವರೇ. ಬರಮಾಡಿಕೊಳ್ಳುವ ರೀತಿ ಯಾರಿಗೂ ಗೊತ್ತಿರಲಿಲ್ಲ. ಅವರು ಚಪ್ಪಲಿ ಬಿಟ್ಟರು. ನೊಗದ ಕಡೆಯಿಂದ ಹಗ್ಗ ಹಿಡಿದರು. ಮನೆಗೆ ಬರುವವಳಿಗೆ ಬೆನ್ನು ತೋರಿಸಬಾರದೆಂದು, ಗೊಂಬೆಯ ಮುಖವನ್ನೇ ನೋಡುತ್ತ ಹಿಂದೆ ಹಿಂದೆ ಹೆಜ್ಜೆ ಇಟ್ಟು ಎಳೆಯತೊಡಗಿದರು. ಆ ಎತ್ತರದ ಮನುಷ್ಯ ಹಿಂದೆಮುಂದಾಗಿ ನಮ್ಮ ಕಡೆ ಬರುತ್ತಿದ್ದರು. ಬಂಡಿಯ ಕಟ್ಟಿಗೆ ಹಿಡಿದು ಆ ಹೆಣ್ಣುಮಗಳು ಅವರ ಎದುರಿಗೆ ಬರುತ್ತಿದ್ದಳು. "ಬಾರವ್ವ, ಹೊತ್ತಾತು. ಇಲ್ಲೇ ಕುಂದ್ರುವಂತಿ ಬಾ" ಎಂದು ಅವರು ಮೆಲ್ಲಗೆ ಅನ್ನುತ್ತಿದ್ದರು. ಯಾರಿಗೆ ಅನ್ನುತ್ತಿದ್ದರೋ. ಸಂಜೆಯೊಳಗೆ ಆ ಹಳ್ಳಿಯವರೆಲ್ಲ ತೋಳು ಕೊಟ್ಟರು, ಹೆಣ್ಣನ್ನೂ ಗೊಂಬೆಯನ್ನೂ ಚಿಂಚೋಳಿಗೆ ಒಯ್ದೆವು. ರೋಗ ಮೈಸೂರು ರಾಜ್ಯದ್ದೆಂದು ಗೊತ್ತಾದ ಕೂಡಲೇ ಆಚೆಯವರೂ ಲಜ್ಜೆ ಬಿಟ್ಟು ಲಸಿಕೆಗೆ ಇಳಿದರು. ತಪ್ಪು ನಮ್ಮದಾದ ಕೂಡಲೇ ಎಲ್ಲರಿಗೂ ಕೈ ಬಂದವು ನೋಡಿರಿ ಎಂದು ದೇವಿ ಸಾಹೇಬರು ನಕ್ಕರು.

ಬಡ್ತಿ ಬರಲಿಲ್ಲ. ಅದನ್ನೂ ಅವರು ಹೇಳಿಕೊಳ್ಳಲಿಲ್ಲ. ನನ್ನನ್ನು ಚಿತ್ತಾಪುರದ ಕಡೆ, ಸನ್ನತಿಯವರೆಗೆ ಭೀಮೆಯ ದಂಡೆಯ ಹಳ್ಳಿಗಳಿಗೆ ಕಳಿಸಿದರು. ಕೆಲ ಕಾಲದ ಮೇಲೆ ಸಿಡುಬು ಎಲ್ಲೆಡೆಯಿಂದ ಹೋಯಿತು, ದಿಲ್ಲಿಯ ಜೀಪೂ ಹೋಯಿತು, ನಾನು ಶಹಾಬಾದಿನಲ್ಲಿ ಮೇಷ್ಟರಾದೆ. ಗೊಂಬೆ ಮಾತ್ರ ಅವರ ಮನೆಯಲ್ಲೇ ಉಳಿಯಿತು. ಮುಂದಿನ ಊರಿನವರು ಕರೆಯುವ ತನಕ ಎಂದು ಮಾತು ಕೊಟ್ಟಿದ್ದರಲ್ಲ. ರೋಗವೇ ಇಲ್ಲದ ಮೇಲೆ ಅವಳನ್ನು ಕರೆಯುವವರು ಯಾರು? ನಿವೃತ್ತರಾಗಿ ಸೇಡಂಗೆ ಬಂದಾಗ ಅವಳೂ ಬಂದಳು. ನಡುಮನೆಯ ಗೂಡಿನಲ್ಲಿ ಅವಳ ಜಾಗ. ಅದನ್ನು ಕಂಡು ನೆರೆಹೊರೆಯವರು ಒಬ್ಬೊಬ್ಬರಾಗಿ ಆ ಮನೆಯ ನೀರು ಮುಟ್ಟುವುದು ಬಿಟ್ಟರು. ನೀರು ಕೇಳಿ ಕೇಳಿ ಮನೆ ಹೊಕ್ಕ ಮನುಷ್ಯನ ಮನೆಗೆ ನೀರು ಕೇಳಿ ಬರುವವರಿಲ್ಲವಾದರು.

ಆ ಹೆಣ್ಣುಮಗಳು ಬದುಕಿದಳೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ತಿಳಿದದ್ದಲ್ಲ, ನೋಡಿದ್ದೆ. ಒಮ್ಮೆ ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ ಸೀತಾಫಲದ ಬುಟ್ಟಿಯ ಹಿಂದೆ, ಮುಖದ ತುಂಬ ಕಲೆ ಹೊತ್ತು ಕುಳಿತಿದ್ದಳು. ಯಾವ ಕಡೆ ಹೊರಟಿರಿ ಸಾಹೇಬರೇ ಎಂದು ಕೇಳಿದ್ದಳು. ಆ ದನಿ ನನಗೆ ಗುರುತು ಸಿಕ್ಕಿತ್ತು. ಹೋದ ತಿಂಗಳು ಸಾಹೇಬರ ಹೆಂಡತಿಯ ಮುಂದೆ, ಒಂದು ಜೀವವಾದರೂ ಉಳಿಯಿತಲ್ಲ ಎಂದು ಸಮಾಧಾನಕ್ಕೆ ಈ ಮಾತು ತೆಗೆದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

"ಆಕಿ ಉಳೀಲಿಲ್ಲ ತಮ್ಮಾ. ಚಿಂಚೋಳಿ ಹೊರಗ ಮಣ್ಣ ಮಾಡಿದ್ರು. ನಿಮ್ಮ ಸಾಹೇಬ್ರು ಒಂದ ಹಿಡಿ ಹಾಕಿದ್ರು, ನೀವೂ ಹಾಕಿದ್ರಿ. ಕೈ ತೊಳ್ಕೋಳಿಕ್ಕೆ ನಾನೇ ನೀರು ಕೊಟ್ಟೀನಿ."

ನನಗೆ ಅಂಥ ನೆನಪು ಯಾವುದೂ ಇಲ್ಲ. ಆ ದಿನ, ಆ ಗುಂಡಿ, ಆ ನೀರು, ಒಂದೂ ಇಲ್ಲ. ಅವರಿಗೆ ಸುಳ್ಳು ಹೇಳುವ ಕಾರಣವೂ ಇಲ್ಲ.

ನಾನು ಎದ್ದು ಗೂಡಿನ ಬಳಿ ಹೋದೆ. ಗೊಂಬೆಯ ಮುಖದ ತುಂಬ ಸಣ್ಣ ಸಣ್ಣ ತೂತುಗಳು. ಕೈ, ಮೈ, ಬೆನ್ನು ಎಲ್ಲ ನುಣ್ಣಗೆ ಹೊಳೆಯುತ್ತಿದ್ದವು. ಮರಕ್ಕೆ ಹುಳು ಬಿದ್ದಿದೆ ಎಂದೆ.

"ನಾನೂ ಹಂಗೇ ಅಂದ್ಕೊಂಡೀನಿ. ಮೈಗಿ ಎಣ್ಣಿ ಹಚ್ಚತಿದ್ದೆ, ಅಲ್ಲಿ ಹುಳ ಬೀಳಲಿಲ್ಲ. ಮಾರಿ ಮುಟ್ಟಲಿಕ್ಕೆ ನನಗ ಧೈರ್ಯ ಆಗಲಿಲ್ಲ" ಎಂದರು. ಸರಿಯಾದ ಕಾರಣ. ಅದರಲ್ಲಿ ಬಿರುಕಿಲ್ಲ. ಆದರೂ ಆ ತೂತುಗಳು ಬಿದ್ದಿದ್ದ ರೀತಿ, ಕಣ್ಣು ಬಿಟ್ಟು ಇನ್ನೆಲ್ಲಿಯೂ ಜಾಗ ಉಳಿಯದ ಹಾಗೆ ಬಿದ್ದಿದ್ದ ರೀತಿ, ನಾನು ಎಲ್ಲಿ ನೋಡಿದ್ದೆ ಎಂಬುದು ನನಗೆ ಗೊತ್ತಿತ್ತು.

ಅವರು ಮಗಳ ಮನೆಗೆ ಹೊರಟಿದ್ದರು. ಅಲ್ಲಿ ಬೀಗರು ಗೊಂಬೆಯನ್ನು ಒಳಗೆ ತರಬೇಡಿ ಎಂದಿದ್ದರಂತೆ. ನಾನು ಸೇಡಂನಿಂದಲೇ ಪರೀಕ್ಷೆಯ ಕೆಲಸಕ್ಕೆ ಹೈದರಾಬಾದಿಗೆ ಹೋಗುವುದಿತ್ತು.

"ನಿಮ್ಮ ಸಾಹೇಬ್ರು ಜಾಗ ಕೊಟ್ರು, ಬಾಡಿಗಿ ನಾ ಕಟ್ಟೀನಿ" ಎಂದರು ಆಕೆ, ಬಟ್ಟೆಯಲ್ಲಿ ಗೊಂಬೆ ಸುತ್ತುತ್ತ. "ಇಕಿ ಮುಂದಕ್ಕ ಹೋಗಬೇಕಾಗಿತ್ತು, ನಡಕ ನಿಂತಾಳ. ನೀವು ಹೆಂಗೂ ಆ ಕಡಿ ಹೊಂಟೀರಿ. ದಾಟಿಸಿಬಿಡ್ರಿ."

ಒಪ್ಪಿಕೊಂಡೆ. ನಾನು ನಂಬುವವನಲ್ಲ, ಹಾಗಾಗಿ ಅದು ಸುಲಭದ ಕೆಲಸ ಎನಿಸಿತು. ಮಧ್ಯಾಹ್ನದ ಗಾಡಿಯಲ್ಲಿ ಗೊಂಬೆಯಿದ್ದ ಚೀಲವನ್ನು ಎದುರಿನ ಆಸನದ ಮೇಲಿನ ಹಲಗೆಯಲ್ಲಿಟ್ಟು, ಮರೆತು ಇಳಿದುಬಿಡುವುದು ಎಂದು ತೀರ್ಮಾನಿಸಿದೆ. ಗಡಿ ಎಲ್ಲಿ ದಾಟಿತೋ ಕಿಟಕಿಯಿಂದ ಗೊತ್ತಾಗಲಿಲ್ಲ. ಅದೇ ತೊಗರಿ ಹೊಲ, ಅದೇ ಕರಿಮಣ್ಣು. ತಾಂಡೂರಿನಲ್ಲಿ ಪೊಲೀಸರು ಹತ್ತಿದರು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಕದ್ದು ಧಾನ್ಯ ಸಾಗಿಸುವವರನ್ನು ಹಿಡಿಯಲು ಚೀಲಗಳನ್ನು ತಡವುತ್ತಿದ್ದರು. ಒಬ್ಬ ನನ್ನ ಚೀಲಕ್ಕೆ ಲಾಠಿ ತಾಗಿಸಿ ಇದು ಯಾರದು ಎಂದು ಉರ್ದುವಿನಲ್ಲಿ ಕೇಳಿದ. ಎಲ್ಲರೂ ಕಿಟಕಿಯ ಹೊರಗೆ ನೋಡಿದರು. ನಾನೂ ಸುಮ್ಮನಿದ್ದರೆ ಆಗಿಹೋಗುತ್ತಿತ್ತು. ಅವನು ಅದನ್ನು ಎತ್ತಿ ಪ್ಲಾಟ್‌ಫಾರ್ಮಿನ ಬಿಸಿಲಿಗೆ ಒಗೆಯುತ್ತಿದ್ದ, ಅವಳು ಆಚೆಯವಳಾಗುತ್ತಿದ್ದಳು. ಅವನು ಎರಡನೆಯ ಸಲ ಕೇಳಿದ.

"ನಮ್ದು" ಎಂದೆ.

ಚೀಲ ತೆಗೆದುಕೊಂಡು ಅಲ್ಲಿಯೇ ಇಳಿದೆ. ಹೈದರಾಬಾದಿನ ಕೆಲಸ ಆ ದಿನ ಆಗಲಿಲ್ಲ. ವಾಡಿಯ ಕಡೆಗೆ ಬರುವ ಪ್ಯಾಸೆಂಜರ್ ಗಾಡಿಯಲ್ಲಿ ಕಿಟಕಿಯ ಬಳಿ ಚೀಲವಿಟ್ಟು ಅದರ ಎದುರಿಗೆ ಕುಳಿತೆ. ಗಾಡಿ ಹೊರಟ ಮೇಲೆಯೇ ಗೊತ್ತಾದದ್ದು, ನಾನು ಬೆನ್ನು ಮುಂದಾಗಿ ಸಾಗುತ್ತಿದ್ದೇನೆಂದು. ಹೊಲಗಳು ನನ್ನ ಬೆನ್ನ ಹಿಂದಿನಿಂದ ಬಂದು ಅವಳ ಕಡೆಗೆ ಓಡುತ್ತಿದ್ದವು. ಎದ್ದು ಆಚೆ ಕೂಡಬಹುದಿತ್ತು. ಕೂಡಲಿಲ್ಲ.

ಗಡಿಯ ಹತ್ತಿರದ ಯಾವುದೋ ಸಣ್ಣ ನಿಲ್ದಾಣದಲ್ಲಿ ಜನ ನೂಕಿಕೊಂಡು ಹತ್ತಿದರು. ಗದ್ದಲದ ನಡುವೆ ನನ್ನ ಭುಜದ ಹಿಂದೆ ಒಂದು ಹೆಣ್ಣಿನ ದನಿ ಕೇಳಿತು.

"ನಾ ಯಾ ಕಡಿ ಕುಂದ್ರಲಿ ಸಾಹೇಬ್ರ?"

ಗಾಡಿ ತುಂಬಿದಾಗ ಯಾರಾದರೂ ಕೇಳುವ ಮಾತೇ ಅದು. ನಾನು ಸರಿದು ಜಾಗ ಬಿಟ್ಟೆ.

"ಇಲ್ಲೇ ಕುಂದ್ರವ್ವ" ಎಂದೆ. ತಿರುಗಿ ನೋಡಲಿಲ್ಲ.